ಹತ್ತು ಚಕ್ರದ ಹಳೆಯ ಸಿಪಾಯಿ

ಎತ್ತಿನ ಬಂಡಿಯೇ ದೂರ ಪ್ರಯಾಣದ ಸಾಧನವಾಗಿದ್ದ ಕಾಲದಲ್ಲಿ, ಹೊರಡುವ ಮುನ್ನ ಬಂಡಿಯವನು ಮಾಡಲೇಬೇಕಾದ ಕೆಲವು ಕೆಲಸಗಳಿದ್ದವು. ಗಾಲಿಯನ್ನು ಸಡಿಲಿಸಿ ಅಚ್ಚಿಗೆ ಕೀಲೆಣ್ಣೆ ಹಚ್ಚುವುದು, ಕಡೆಗೀಲನ್ನು ಬೆರಳಿನಿಂದ ಅಲುಗಿಸಿ ನೋಡುವುದು, ನೊಗಕ್ಕೆ ಕಟ್ಟಿದ ಹಗ್ಗವನ್ನು ಎಳೆದು ಪರೀಕ್ಷಿಸುವುದು. ಇಷ್ಟಕ್ಕೆ ಕಾಲು ಗಂಟೆ ಸಾಕಾಗಿದ್ದಿತು. ಈ ಕಾಲು ಗಂಟೆಯನ್ನು ಉಳಿಸಲು ಹೋದವನು ನಡುದಾರಿಯ ಹಳ್ಳದಲ್ಲಿ ಅರ್ಧ ದಿನವನ್ನು ಕಳೆದುಕೊಳ್ಳುತ್ತಿದ್ದನು. ಉಗುರಿನಿಂದ ಹೋಗುವುದಕ್ಕೆ ಕೊಡಲಿಯೇಕೆ ಎಂಬ ನಮ್ಮ ಗಾದೆಯ ಅರ್ಥವನ್ನು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಬಂಡಿಯ ಸ್ಥಾನಕ್ಕೆ ಲಾರಿ ಬಂದಿತು. ಕೀಲೆಣ್ಣೆಯ ಬದಲು ಗ್ರೀಸು, ಎತ್ತಿನ ಬದಲು ಇಂಜಿನ್ನು. ಆದರೆ ಹೊರಡುವ ಮುನ್ನ ಬಗ್ಗಿ ನೋಡಬೇಕೆಂಬ ನಿಯಮ ಮಾತ್ರ ಬದಲಾಗಲಿಲ್ಲ. ಯಂತ್ರವು ದೊಡ್ಡದಾದಷ್ಟೂ ನಿಯಮವು ಕಠಿಣವೇ ಆಯಿತು. ಇದಕ್ಕೆ ಒಳ್ಳೆಯ ನಿದರ್ಶನವಾಗಿ ನಿಲ್ಲಬಲ್ಲದ್ದು ಅಮೆರಿಕದ ಸೈನ್ಯಕ್ಕಾಗಿ ನಿರ್ಮಿತವಾದ ಎಂ-35 ಎಂಬ ಲಾರಿ. ಇದರ ಡೀಸೆಲ್ ರೂಪವು 1960ರ ದಶಕದಲ್ಲಿ ಬಂದಿತು. ಅಂದು ತಯಾರಾದ ಲಾರಿಗಳಲ್ಲಿ ಹಲವು ಸೇನೆಯ ಸೇವೆಯನ್ನು ಮುಗಿಸಿ, ಹರಾಜಿನಲ್ಲಿ ಮಾರಾಟವಾಗಿ, ಖಾಸಗಿಯವರ ಕೈಯಲ್ಲಿ ಇಂದಿಗೂ ಓಡುತ್ತಿವೆ. ಉಕ್ಕು ಗಟ್ಟಿಯಾದುದೆಂದ ಮಾತ್ರಕ್ಕೆ ಇಷ್ಟು ದೀರ್ಘಾಯುಷ್ಯವು ಲಭಿಸುವುದಿಲ್ಲ. ಅದನ್ನು ಕಾಪಾಡಿಕೊಂಡು ಬಂದ ಕೈಗಳ ಕಥೆಯನ್ನು ತಿಳಿಯುವುದು ಸ್ವಾರಸ್ಯಕರವೂ ಹೌದು, ಉಪಯುಕ್ತವೂ ಹೌದು.

ಹುಟ್ಟು ಮತ್ತು ಹೆಸರು

ಎರಡನೆಯ ಮಹಾಯುದ್ಧವನ್ನು ಅಮೆರಿಕವು ಲಾರಿಗಳ ಬೆನ್ನ ಮೇಲೆ ಕುಳಿತು ಗೆದ್ದಿತೆಂದರೆ ಅತಿಶಯೋಕ್ತಿಯಾಗದು. ಆ ಯುದ್ಧದ ಲಾರಿಗಳು ಸವೆದುಹೋದ ಮೇಲೆ ಅವುಗಳ ಸ್ಥಾನವನ್ನು ತುಂಬಲು ಮಿಷಿಗನ್ ರಾಜ್ಯದ ಲ್ಯಾನ್ಸಿಂಗ್ ನಗರದಲ್ಲಿದ್ದ ರಿಯೋ ಕಂಪೆನಿಯು ಹೊಸದೊಂದನ್ನು ರೂಪಿಸಿತು. 1950ರ ವೇಳೆಗೆ ಅದು ಸೇನೆಗೆ ಸೇರತೊಡಗಿತು. ದಾರಿಯಿಲ್ಲದ ನೆಲದಲ್ಲಿ ಎರಡೂವರೆ ಟನ್ ಭಾರವನ್ನು, ಒಳ್ಳೆಯ ರಸ್ತೆಯಲ್ಲಿ ಐದು ಟನ್ನನ್ನು ಹೊರುವುದು ಅದರ ಶಕ್ತಿ. ಆದುದರಿಂದಲೇ ಸೈನಿಕರು ಅದಕ್ಕೆ ಇಸ್ಪೀಟಿನ ಭಾಷೆಯಲ್ಲಿ ‘ಡ್ಯೂಸ್ ಅಂಡ್ ಎ ಹಾಫ್’ ಎಂದು ಹೆಸರಿಟ್ಟರು. ಇಸ್ಪೀಟಿನ ಎರಡರ ಎಲೆಗೆ ಡ್ಯೂಸ್ ಎಂದು ಹೆಸರು. ಎರಡೂವರೆಯ ಸರದಾರನೆಂದು ನಾವು ಕರೆಯಬಹುದು.

ಈ ಲಾರಿಗೆ ಮುಂದೆ ಎರಡು, ಹಿಂದೆ ಎಂಟು, ಒಟ್ಟು ಹತ್ತು ಟಯರುಗಳು. ಸಾಮಾನ್ಯ ಲಾರಿಯಲ್ಲಿ ಇಂಜಿನ್ನಿನ ಶಕ್ತಿ ಹಿಂದಿನ ಗಾಲಿಗಳಿಗೆ ಮಾತ್ರ ಹೋಗುತ್ತದೆ. ಮುಂದಿನವು ದಾರಿ ತೋರಿಸುವುದಕ್ಕಷ್ಟೇ. ಇಲ್ಲಿಯಾದರೋ ಬೇಕೆಂದಾಗ ಮೂರು ಅಚ್ಚುಗಳಿಗೂ ಶಕ್ತಿಯನ್ನು ಹಾಯಿಸಬಹುದು. ಕೆಸರಿನಲ್ಲಿ ಹಿಂದಿನ ಗಾಲಿಗಳು ಹೂತರೂ ಮುಂದಿನವು ಎಳೆಯುತ್ತವೆ. 30 ಅಂಗುಲ ಆಳದ ನೀರನ್ನು ಯಾವ ವಿಶೇಷ ಸಲಕರಣೆಯೂ ಇಲ್ಲದೆ ದಾಟಬಲ್ಲ ಸಾಮರ್ಥ್ಯ ಇದಕ್ಕಿದೆ.

ದಾಟಿದ ಮೇಲೆ ಏನು ಮಾಡಬೇಕೆಂಬುದೇ ಮುಖ್ಯ. ನೀರಿನಿಂದ ಹೊರಬಂದ ಲಾರಿಯ ಬ್ರೇಕನ್ನು ಮೆಲ್ಲಗೆ ಒತ್ತುತ್ತ ಸ್ವಲ್ಪ ದೂರ ಓಡಿಸಿ, ಬ್ರೇಕಿನ ಪಟ್ಟಿಗಳನ್ನು ಒಣಗಿಸಬೇಕು. ಗೇರು ಪೆಟ್ಟಿಗೆಯ ಮತ್ತು ಅಚ್ಚುಗಳ ಎಣ್ಣೆಯನ್ನು ಪರೀಕ್ಷಿಸಬೇಕು. ಎಣ್ಣೆಯು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆಯೆಂದೇ ಅರ್ಥ. ಅದನ್ನು ಆ ದಿನವೇ ಬಸಿದು ಹೊಸ ಎಣ್ಣೆ ತುಂಬಿಸದಿದ್ದರೆ, ನುಣುಪಾದ ಹಲ್ಲುಚಕ್ರಗಳು ಕೆಲವೇ ವಾರಗಳಲ್ಲಿ ತುಕ್ಕು ಹಿಡಿದು ಒರಟಾಗುತ್ತವೆ. ಹೊಳೆಯನ್ನು ದಾಟಿಸಿದ ಕೀರ್ತಿ ಲಾರಿಗೆ ಸಲ್ಲುತ್ತದೆ. ಮರುದಿನವೂ ದಾಟುವಂತೆ ಮಾಡುವ ಹೊಣೆ ಚಾಲಕನದು.

ಏನನ್ನು ಕೊಟ್ಟರೂ ಉಣ್ಣುವ ಇಂಜಿನ್ನು

ಮೊದಮೊದಲು ಈ ಲಾರಿಗೆ ಪೆಟ್ರೋಲು ಇಂಜಿನ್ನೇ ಇದ್ದಿತು. 1960ರ ದಶಕದಲ್ಲಿ ಎಂ-35 ಎ-2 ಎಂಬ ರೂಪಕ್ಕೆ ಡೀಸೆಲ್ ಜಾತಿಯ ಹೊಸ ಇಂಜಿನ್ನನ್ನು ಕೂರಿಸಿದರು. ಆರು ಸಿಲಿಂಡರುಗಳು, ಒಟ್ಟು ಗಾತ್ರ ಸುಮಾರು 7.8 ಲೀಟರು. ಪೆಟ್ರೋಲು ಇಂಜಿನ್ನಿನಲ್ಲಿ ವಿದ್ಯುತ್ತಿನ ಕಿಡಿಯು ಇಂಧನವನ್ನು ಹೊತ್ತಿಸುತ್ತದೆ. ಡೀಸೆಲ್ಲಿನಲ್ಲಿ ಕಿಡಿಯಿಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಎಲ್ಲರೂ ಕಂಡಿದ್ದಾರೆ. ಗಾಳಿಯನ್ನು ಒತ್ತಿದರೆ ಶಾಖವುಂಟಾಗುತ್ತದೆ. ಈ ಇಂಜಿನ್ನಿನಲ್ಲಿ ಗಾಳಿಯನ್ನು ಅದರ ಮೂಲ ಗಾತ್ರದ 22ರಲ್ಲೊಂದು ಪಾಲಿಗೆ ಅಮುಕಲಾಗುತ್ತದೆ. ಆ ಶಾಖಕ್ಕೆ ಸಿಂಪಡಿಸಿದ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಇದರಲ್ಲಿ ಇನ್ನೊಂದು ವೈಶಿಷ್ಟ್ಯವಿದೆ. ಜರ್ಮನಿಯ ಮಾನ್ ಸಂಸ್ಥೆಯಲ್ಲಿ ಸೀಗ್‌ಫ್ರೀಡ್ ಮ್ಯೂರರ್ ಎಂಬ ತಂತ್ರಜ್ಞರು 1950ರ ದಶಕದಲ್ಲಿ ಒಂದು ಕ್ರಮವನ್ನು ಬೆಳೆಸಿದರು. ಪಿಸ್ಟನ್ನಿನ ತಲೆಯಲ್ಲಿ ಗುಂಡನೆಯ ಕುಡಿಕೆಯಂತಹ ಕುಳಿಯೊಂದನ್ನು ಕೊರೆದು, ಎಣ್ಣೆಯನ್ನು ಅದರ ಗೋಡೆಗೆ ತೆಳುವಾಗಿ ಬಳಿಯುವಂತೆ ಸಿಂಪಡಿಸಿದರೆ, ಸುಳಿಯುವ ಬಿಸಿಗಾಳಿಗೆ ಅದು ಪದರ ಪದರವಾಗಿ ಆವಿಯಾಗಿ ಉರಿಯುತ್ತದೆ. ಉರಿ ಒಮ್ಮೆಗೇ ಸಿಡಿಯುವುದಿಲ್ಲವಾದುದರಿಂದ ಸದ್ದು ಕಡಿಮೆ. ಅದಕ್ಕಿಂತಲೂ ಹೆಚ್ಚಿನ ಲಾಭವೆಂದರೆ, ಹಗುರವಾದ ಮತ್ತು ದಪ್ಪನಾದ ನಾನಾ ಬಗೆಯ ಇಂಧನಗಳನ್ನು ಇದು ಅರಗಿಸಿಕೊಳ್ಳಬಲ್ಲದು. ಅಮೆರಿಕದ ಕಾಂಟಿನೆಂಟಲ್ ಕಂಪೆನಿಯು ಈ ಕ್ರಮವನ್ನೇ ಪಡೆದುಕೊಂಡು ಸೇನೆಯ ಲಾರಿಗೆ ಇಂಜಿನ್ನನ್ನು ರಚಿಸಿತು. ಡೀಸೆಲ್, ಸೀಮೆಎಣ್ಣೆ, ವಿಮಾನದ ಇಂಧನ, ಅನಿವಾರ್ಯವಾದರೆ ಪೆಟ್ರೋಲು, ಯಾವುದಾದರೂ ಸರಿ. ರಣರಂಗದಲ್ಲಿ ಯಾವ ಪೀಪಾಯಿ ಕೈಗೆ ಸಿಕ್ಕೀತೆಂದು ಹೇಳಬಲ್ಲವರಾರು?

ಈ ಕಲ್ಪನೆ ತೀರ ಹೊಸದೂ ಅಲ್ಲ. ರುಡಾಲ್ಫ್ ಡೀಸೆಲ್ ತನ್ನ ಇಂಜಿನ್ನನ್ನು 1897ರಲ್ಲಿ ಸಿದ್ಧಿಗೆ ತಂದುದು ಮಾನ್ ಸಂಸ್ಥೆಯ ಪೂರ್ವರೂಪವಾದ ಔಗ್ಸ್‌ಬರ್ಗಿನ ಕಾರ್ಖಾನೆಯಲ್ಲಿಯೇ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅಂತಹ ಚಿಕ್ಕ ಇಂಜಿನ್ನೊಂದನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಿದ್ದರು. ನಮ್ಮ ದೇಶಕ್ಕೂ ಈ ಸಂಸ್ಥೆಯ ನಂಟು ಬೆಳೆಯಿತು. ಭಾರತೀಯ ಸೇನೆಯ ಬೆನ್ನೆಲುಬಾಗಿದ್ದ ‘ಶಕ್ತಿಮಾನ್’ ಲಾರಿಯು ಮಾನ್ ಸಂಸ್ಥೆಯ ಸಹಕಾರದಿಂದಲೇ 1959ರಲ್ಲಿ ಜಬಲ್ಪುರದ ಗನ್ ಕ್ಯಾರಿಯೇಜ್ ಕಾರ್ಖಾನೆಯಲ್ಲಿ ಹುಟ್ಟಿದುದು. ಹೆಸರಿನ ಕೊನೆಯಲ್ಲಿರುವ ‘ಮಾನ್’ ಎಂಬುದು ಸಂಸ್ಕೃತದ ಪ್ರತ್ಯಯವೂ ಹೌದು, ಜರ್ಮನ್ ಸಂಸ್ಥೆಯ ಹೆಸರೂ ಹೌದು ಎಂಬುದು ಭಾಷಾಪ್ರಿಯರ ಮುಖದಲ್ಲಿ ನಗೆ ತರಿಸುವ ಸಂಗತಿ.

ಆದರೆ ಏನನ್ನು ಕೊಟ್ಟರೂ ಉಣ್ಣುವವನಿಗೆ ಏನನ್ನು ಬೇಕಾದರೂ ಕೊಡಬಹುದೆಂದು ತಿಳಿಯುವುದು ತಪ್ಪು. ಇಂಧನದ ಪಂಪು ಒಳಗಿನ ಸವೆತವನ್ನು ತಡೆಯಲು ಇಂಧನದ ಜಿಡ್ಡನ್ನೇ ನೆಚ್ಚಿಕೊಂಡಿದೆ. ಪೆಟ್ರೋಲಿನಲ್ಲಿ ಜಿಡ್ಡಿಲ್ಲ, ಆದುದರಿಂದ ಅದಕ್ಕೆ ಸ್ವಲ್ಪ ಇಂಜಿನ್ ಎಣ್ಣೆಯನ್ನು ಬೆರೆಸಬೇಕು. ಇಂದು ಈ ಲಾರಿಗಳನ್ನು ಇಟ್ಟುಕೊಂಡಿರುವ ಕೆಲವರು ಖರ್ಚು ಉಳಿಸಲು ಬಸಿದ ಹಳೆಯ ಎಣ್ಣೆಯನ್ನೂ ಟ್ಯಾಂಕಿಗೆ ಸುರಿಯುವುದುಂಟು. ಚೆನ್ನಾಗಿ ಸೋಸದೆ ಸುರಿದರೆ ಫಿಲ್ಟರು ಕಟ್ಟಿಕೊಳ್ಳುತ್ತದೆ, ನಾಜಲಿನ ತುದಿಯಲ್ಲಿ ಮಸಿ ಗಟ್ಟಿಯಾಗುತ್ತದೆ. ಉಳಿಸಿದ ಹಣಕ್ಕೆ ಬಡ್ಡಿ ಸೇರಿಸಿ ತೆರಬೇಕಾಗುತ್ತದೆ.

ಕೂದಲೆಳೆಯ ಅಂತರ

ಡೀಸೆಲ್ ಇಂಜಿನ್ನಿನ ಹೃದಯವೆಂದರೆ ಇಂಧನವನ್ನು ಅಳೆದು ಚಿಮ್ಮಿಸುವ ಪಂಪು. ನಿಮಿಷಕ್ಕೆ ನೂರಾರು ಬಾರಿ, ಪ್ರತಿಸಲವೂ ಒಂದು ತೊಟ್ಟಿನಷ್ಟನ್ನು, ಗೊತ್ತಾದ ಕ್ಷಣದಲ್ಲಿಯೇ ಅದು ಸಿಲಿಂಡರಿಗೆ ಕಳುಹಿಸಬೇಕು. ಇಷ್ಟು ಕರಾರುವಾಕ್ಕಾಗಿ ಕೆಲಸ ಮಾಡುವುದಕ್ಕಾಗಿ ಅದರೊಳಗಿನ ಕೊಳವೆಗೂ ಅದರಲ್ಲಿ ಓಡಾಡುವ ದಂಡಕ್ಕೂ ನಡುವೆ ಕೂದಲೆಳೆಗಿಂತಲೂ ಬಹು ಸೂಕ್ಷ್ಮವಾದ ಅಂತರವನ್ನು ಬಿಟ್ಟಿರುತ್ತಾರೆ. ಇಂತಹ ಪಂಪು ಮತ್ತು ನಾಜಲುಗಳ ತಯಾರಿಕೆಗಾಗಿಯೇ 1951ರಲ್ಲಿ ಸ್ಥಾಪನೆಯಾದ ಮೈಕೋ ಸಂಸ್ಥೆಯು ಬೆಂಗಳೂರಿಗೆ ಸೂಕ್ಷ್ಮ ಯಂತ್ರವಿದ್ಯೆಯಲ್ಲಿ ಹೆಸರು ತಂದಿತು. ಆಡುಗೋಡಿಯ ಆ ಕಾರ್ಖಾನೆಯ ದುಡಿಮೆಯಿಂದ ಬದುಕು ಕಟ್ಟಿಕೊಂಡ ಕುಟುಂಬಗಳು ಈ ಪತ್ರಿಕೆಯ ವಾಚಕರಲ್ಲಿಯೂ ಇರಬಹುದು.

ಇಷ್ಟು ಸೂಕ್ಷ್ಮವಾದ ಅಂಗಕ್ಕೆ ಮೂವರು ಶತ್ರುಗಳು: ಧೂಳು, ನೀರು, ಗಾಳಿ. ಧೂಳಿನ ಕಣವೊಂದು ಒಳಹೊಕ್ಕರೆ ದಂಡದ ಮೈಯನ್ನು ಗೀರುತ್ತದೆ. ನೀರು ತುಕ್ಕು ಹಿಡಿಸುತ್ತದೆ. ಇವೆರಡನ್ನೂ ತಡೆಯಲು ಎಂ-35ರಲ್ಲಿ ಒಂದರ ಹಿಂದೊಂದರಂತೆ ಫಿಲ್ಟರುಗಳಿವೆ. ನೀರು ಎಣ್ಣೆಗಿಂತ ಭಾರವಾದುದರಿಂದ ಫಿಲ್ಟರಿನ ತಳಕ್ಕೆ ಇಳಿದು ನಿಲ್ಲುತ್ತದೆ. ತಳದ ಚಿಕ್ಕ ನಲ್ಲಿಯನ್ನು ತಿರುಗಿಸಿ, ಶುದ್ಧವಾದ ಎಣ್ಣೆ ಬರುವವರೆಗೆ ಹರಿಯಬಿಟ್ಟರೆ ಸಾಕು. ಎರಡು ನಿಮಿಷದ ಈ ಕೆಲಸವನ್ನು ಬಿಟ್ಟವನು ಕೊನೆಗೆ ಪಂಪನ್ನೇ ಬಿಚ್ಚಿಸಬೇಕಾಗುತ್ತದೆ.

ಮೂರನೆಯ ಶತ್ರುವಾದ ಗಾಳಿಯ ಉಪದ್ರವವನ್ನು ನಮ್ಮ ಲಾರಿ ಚಾಲಕರೆಲ್ಲರೂ ಬಲ್ಲರು. ಕೊಳವೆಯೊಳಗೆ ಗಾಳಿ ಸೇರಿದರೆ ಪಂಪು ಎಷ್ಟೇ ಒತ್ತಿದರೂ ಆ ಗಾಳಿಯೇ ಕುಗ್ಗಿ ಹಿಗ್ಗುವುದಲ್ಲದೆ ಎಣ್ಣೆ ಮುಂದೆ ಸಾಗದು. ‘ಏರ್ ಹಿಡಿದಿದೆ’ ಎಂದು ವರ್ಕ್‌ಶಾಪಿನವರು ಹೇಳುವುದು ಇದನ್ನೇ. ಟ್ಯಾಂಕು ಬರಿದಾಗುವವರೆಗೆ ಓಡಿಸಿದರೆ ಅಥವಾ ಕೊಳವೆಯ ಜೋಡಣೆಯೊಂದು ಸಡಿಲವಾಗಿದ್ದರೆ ಹೀಗಾಗುತ್ತದೆ. ಎಂ-35ರ ಟ್ಯಾಂಕಿನೊಳಗೆ ವಿದ್ಯುತ್ತಿನ ಪಂಪೊಂದಿದೆ. ಅದನ್ನು ಚಾಲೂ ಮಾಡಿ, ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸಿದರೆ ಮೊದಲು ಬುರುಗು ಬರುತ್ತದೆ, ಆಮೇಲೆ ಗುಳ್ಳೆಯಿಲ್ಲದ ಎಣ್ಣೆ ಬರುತ್ತದೆ. ಆಗ ತಿರುಪನ್ನು ಬಿಗಿದರಾಯಿತು. ಗಾಳಿ ಎಲ್ಲಿಂದ ಬಂದಿತೆಂಬುದನ್ನು ಮಾತ್ರ ಹುಡುಕದೆ ಬಿಡಬಾರದು. ಕಾರಣವು ಹಾಗೆಯೇ ಉಳಿದರೆ ರೋಗವು ಮುಂದಿನ ಮೈಲಿಗಲ್ಲಿನಲ್ಲಿ ಕಾದು ನಿಂತಿರುತ್ತದೆ.

ಡೀಸೆಲ್ ಇಂಜಿನ್ನನ್ನು ನಿಲ್ಲಿಸುವುದೂ ಒಂದು ವಿದ್ಯೆಯೇ. ಕಿಡಿಯಿಲ್ಲದ ಮೇಲೆ ಕಿಡಿಯನ್ನು ಆರಿಸುವ ಮಾತೆಲ್ಲಿ? ಆದುದರಿಂದ ಗುಂಡಿಯೊಂದನ್ನು ಎಳೆದು ಇಂಧನವನ್ನೇ ತಡೆಯಬೇಕು. ಆ ಗುಂಡಿಯ ತಂತಿ ತುಂಡಾದರೆ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಹೋದರೂ ಇಂಜಿನ್ನು ಮಾತ್ರ ಓಡುತ್ತಲೇ ಇರುತ್ತದೆ. ನಿಲ್ಲಿಸುವ ಮೊದಲು ಮೂರು ನಾಲ್ಕು ನಿಮಿಷ ಮೆಲ್ಲನೆ ತಿರುಗಲು ಬಿಡುವುದೂ ಅವಶ್ಯ. ಹೊಗೆಯ ರಭಸದಿಂದಲೇ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿಯನ್ನು ಊಡುವ ಟರ್ಬೊ ಎಂಬ ಚಕ್ರವು ಕಡು ಬಿಸಿಯಾಗಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಅದಕ್ಕೆ ಎಣ್ಣೆಯ ಹರಿವು ನಿಂತು, ಉಳಿದ ಎಣ್ಣೆಯು ಅಲ್ಲಿಯೇ ಸೀದುಹೋಗುತ್ತದೆ. ಈ ಟರ್ಬೊದ ಸಿಳ್ಳೆಯಂತಹ ದನಿಯಿಂದಾಗಿ ಈ ಲಾರಿಗೆ ‘ಸಿಳ್ಳೆಗಾರ’ ಎಂಬ ಅರ್ಥದ ಅಡ್ಡಹೆಸರೂ ಬಂದಿತು. ಪಳಗಿದ ಚಾಲಕನು ಆ ಸಿಳ್ಳೆಯ ಶ್ರುತಿ ಬದಲಾದುದನ್ನು ಕೇಳಿಯೇ ಒಳಗಿನ ಕಾಯಿಲೆಯನ್ನು ಊಹಿಸುತ್ತಾನೆ.

ಆರು ಗಾಲಿಗೆ ಒಂದೇ ನಾಡಿ

ಇಂಜಿನ್ನು ಕೆಟ್ಟರೆ ಲಾರಿ ನಿಲ್ಲುತ್ತದೆ, ಅಷ್ಟೆ. ಬ್ರೇಕು ಕೆಟ್ಟರೆ ಲಾರಿ ನಿಲ್ಲುವುದಿಲ್ಲ. ಹಳೆಯ ಸೇನಾ ಲಾರಿಯನ್ನು ಮನೆಗೆ ತಂದವರು ಮೊಟ್ಟಮೊದಲು ಕಲಿಯಬೇಕಾದ ಪಾಠವಿದು.

ಎಂ-35 ಎ-2 ಲಾರಿಯ ಖಾಲಿ ತೂಕವೇ ಸುಮಾರು ಆರು ಟನ್. ಅದರ ಪೆಡಲನ್ನು ಒತ್ತಿದಾಗ ದ್ರವವು ಕೊಳವೆಗಳ ಮೂಲಕ ಹರಿದು, ಮೂರು ಅಚ್ಚುಗಳ ಆರು ತುದಿಗಳಲ್ಲಿಯೂ ಇರುವ ಬ್ರೇಕುಗಳನ್ನು ಬಿಗಿಸುತ್ತದೆ. ಚಾಲಕನ ಕಾಲಿನ ಬಲ ಸಾಲದಾದುದರಿಂದ ಒತ್ತಿಟ್ಟ ಗಾಳಿಯ ನೆರವನ್ನೂ ಕೊಟ್ಟಿದ್ದಾರೆ. ಗಾಳಿ ಕಡಿಮೆಯಾದರೆ ಎಚ್ಚರಿಸಲು ಗುಂಯ್‌ಗುಡುವ ಗಂಟೆಯೊಂದಿದೆ. ಅದರ ದನಿ ನಿಲ್ಲುವವರೆಗೆ ಲಾರಿಯನ್ನು ಕದಲಿಸಬಾರದು. ಗಾಳಿಯ ತೊಟ್ಟಿಯಲ್ಲಿ ತೇವವು ನೀರಾಗಿ ನಿಲ್ಲುತ್ತದೆ. ಪ್ರತಿದಿನವೂ ಅದನ್ನು ಹೊರಬಿಡಬೇಕು.

ಇಲ್ಲಿಯವರೆಗೆ ಎಲ್ಲವೂ ಸರಿ. ಆದರೆ ಈ ಆರು ಬ್ರೇಕುಗಳಿಗೂ ದ್ರವದ ದಾರಿ ಒಂದೇ. ಇಂದಿನ ವಾಹನಗಳಲ್ಲಿ ದ್ರವಕ್ಕೆ ಎರಡು ಪ್ರತ್ಯೇಕ ಮಾರ್ಗಗಳಿರುತ್ತವೆ. ಒಂದು ಒಡೆದರೂ ಇನ್ನೊಂದು ಉಳಿಯುತ್ತದೆ. ಈ ಹಳೆಯ ಲಾರಿಯಲ್ಲಿ ಎಲ್ಲಿಯೋ ಒಂದು ಗಾಲಿಯ ಬಳಿ ಗೇಣುದ್ದದ ರಬ್ಬರಿನ ಕೊಳವೆ ಬಿರಿದರೆ ದ್ರವವೆಲ್ಲ ಅಲ್ಲಿಂದಲೇ ಸೋರಿ, ಆರು ಗಾಲಿಗಳೂ ಒಮ್ಮೆಲೇ ಬ್ರೇಕಿಲ್ಲದಂತಾಗುತ್ತವೆ. ಇಳಿಜಾರಿನಲ್ಲಿ ಹೀಗಾದರೆ ಉಳಿಯುವುದು ಇಂಜಿನ್ನಿನ ಹಿಡಿತ ಮತ್ತು ಕೈಬ್ರೇಕು ಮಾತ್ರ. ಕೈಬ್ರೇಕಾದರೋ ನಿಂತ ಲಾರಿಯನ್ನು ಹಿಡಿದಿಡಲು ಮಾಡಿದ್ದು. ಓಡುವ ಲಾರಿಯನ್ನು ನಿಲ್ಲಿಸಲು ಅದನ್ನು ನಂಬಿ ಕೂರುವಂತಿಲ್ಲ.

ಆದುದರಿಂದ ಬಲ್ಲವರು ಹಳೆಯ ಲಾರಿಯನ್ನು ಕೊಂಡ ದಿನವೇ ಅದನ್ನು ಓಡಿಸುವ ಆತುರಕ್ಕೆ ಹೋಗುವುದಿಲ್ಲ. ರಬ್ಬರಿನ ಕೊಳವೆಗಳನ್ನು ಹೊರಗೆ ಚೆನ್ನಾಗಿ ಕಂಡರೂ ಬದಲಾಯಿಸುತ್ತಾರೆ. ಏಕೆಂದರೆ ರಬ್ಬರು ಒಳಗಿನಿಂದ ಊದಿಕೊಂಡು ದಾರಿಯನ್ನೇ ಮುಚ್ಚಬಹುದು. ಗಾಲಿಗಳನ್ನು ಬಿಚ್ಚಿ ಬ್ರೇಕಿನ ಸಿಲಿಂಡರುಗಳು ಸೋರುತ್ತಿವೆಯೇ ಎಂದು ನೋಡುತ್ತಾರೆ. ದ್ರವದ ಮೂಲ ಪಾತ್ರೆಯು ಚಾಲಕನ ಕಾಲಡಿಯಲ್ಲಿ, ಸುಲಭವಾಗಿ ಕಣ್ಣಿಗೆ ಬೀಳದ ಜಾಗದಲ್ಲಿದೆ. ಕಣ್ಣಿಗೆ ಬೀಳದುದನ್ನೇ ಮನುಷ್ಯನು ಮರೆಯುವುದು ಹೆಚ್ಚು. ಸಾಮಾನ್ಯ ಬ್ರೇಕ್ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಬಿಸಿಯಾದಾಗ ಆ ತೇವವು ಆವಿಯಾಗಿ, ಒತ್ತಿದ ಪೆಡಲು ನೆಲಕ್ಕೆ ತಾಗುತ್ತದೆ. 1980ರ ದಶಕದಲ್ಲಿ ಅಮೆರಿಕದ ಸೇನೆಯು ತೇವವನ್ನು ಹೀರದ ಸಿಲಿಕೋನ್ ದ್ರವಕ್ಕೆ ಬದಲಾಯಿಸಿತು. ಇವೆರಡನ್ನೂ ಬೆರೆಸಬಾರದು. ಯಾವುದು ತುಂಬಿದೆಯೆಂದು ತಿಳಿಯದಿದ್ದರೆ ಎಲ್ಲವನ್ನೂ ಬಸಿದು ಹೊಸದಾಗಿ ತುಂಬುವುದೇ ಕ್ಷೇಮ. ಎರಡು ಮಾರ್ಗಗಳ ಹೊಸ ವ್ಯವಸ್ಥೆಯನ್ನು ತಾವೇ ಜೋಡಿಸಿಕೊಂಡ ಮಾಲೀಕರೂ ಇದ್ದಾರೆ. ಹಳೆಯದನ್ನು ಇದ್ದಂತೆಯೇ ಉಳಿಸಬೇಕೆಂಬ ಹಟಕ್ಕಿಂತ ಮನೆಗೆ ಮರಳಬೇಕೆಂಬ ಆಸೆ ದೊಡ್ಡದಲ್ಲವೆ?

ಎಡಕ್ಕೆ ತಿರುಗುವ ನಟ್ಟು

ಗಾಲಿಯನ್ನು ಬಿಚ್ಚುವುದರಲ್ಲಿಯೂ ಒಂದು ಗುಟ್ಟಿದೆ. ಈ ಲಾರಿಯ ಎಡಪಕ್ಕದ ಗಾಲಿಗಳ ನಟ್ಟುಗಳಿಗೆ ಎಡಮುಖದ ಸುತ್ತುಗಳಿವೆ. ಗಾಲಿ ಮುಂದಕ್ಕೆ ಉರುಳುವಾಗ ನಟ್ಟು ತಾನಾಗಿ ಸಡಿಲಗೊಳ್ಳಬಾರದೆಂದು ಹೀಗೆ ಮಾಡಿದ್ದಾರೆ. ತಿಳಿಯದವನು ಎಲ್ಲ ನಟ್ಟುಗಳಂತೆ ಇದನ್ನೂ ತಿರುಗಿಸಲು ಹೋಗಿ, ಬರಲಿಲ್ಲವೆಂದು ಪಾನಕ್ಕೆ ಉದ್ದನೆಯ ಕೊಳವೆ ಸಿಕ್ಕಿಸಿ, ಮೈಭಾರವನ್ನೆಲ್ಲ ಬಿಟ್ಟು ಒತ್ತುತ್ತಾನೆ. ಅವನು ಒತ್ತಿದಷ್ಟೂ ನಟ್ಟು ಬಿಗಿಯಾಗುತ್ತದೆ. ಕೊನೆಗೆ ಬೋಲ್ಟೇ ಮುರಿಯುತ್ತದೆ. ಬೋಲ್ಟಿನ ತುದಿಯಲ್ಲಿ ಕೆತ್ತಿದ ಗುರುತನ್ನು ಒರೆಸಿ ಓದಿದ್ದರೆ ಸಾಕಾಗಿತ್ತು.

ಇದಕ್ಕಿಂತ ಘೋರವಾದ ಅಪಾಯವು ಗಾಲಿಯ ಬಳೆಯಲ್ಲಿದೆ. ಟಯರನ್ನು ಗಾಲಿಯ ಮೇಲೆ ಹಿಡಿದಿಡಲು ಉಕ್ಕಿನ ಬಳೆಯೊಂದನ್ನು ಅಂಚಿಗೆ ಕೂರಿಸಿರುತ್ತಾರೆ. ಹಳೆಯ ಲಾರಿ, ಬಸ್ಸುಗಳಲ್ಲಿ ಈ ಬಗೆಯ ಗಾಲಿಯನ್ನು ನಮ್ಮ ಊರುಗಳ ಪಂಕ್ಚರ್ ಅಂಗಡಿಯವರೂ ಕಂಡಿದ್ದಾರೆ. ತುಕ್ಕು ಹಿಡಿದೋ ಬಾಗಿಯೋ ಬಳೆಯು ಸರಿಯಾಗಿ ಕೂರದಿದ್ದರೆ, ಗಾಳಿ ತುಂಬುವಾಗ ಅದು ಸಿಡಿದು ಹಾರುತ್ತದೆ. ಎದುರಿಗೆ ಬಗ್ಗಿ ಕುಳಿತವನ ಪ್ರಾಣವನ್ನೇ ತೆಗೆಯುವ ರಭಸ ಅದಕ್ಕುಂಟು. ಇದರಿಂದಾಗಿ ನಿಯಮಗಳು ಎರಡು. ಗಾಲಿಯನ್ನು ಬಿಚ್ಚುವ ಮೊದಲು ಟಯರಿನ ಗಾಳಿಯನ್ನು ಪೂರ್ತಿಯಾಗಿ ಹೊರಬಿಡಬೇಕು. ತುಂಬುವಾಗ ಗಾಲಿಯನ್ನು ಕಬ್ಬಿಣದ ಪಂಜರದೊಳಗಿಟ್ಟು, ದೂರ ನಿಂತು ಉದ್ದನೆಯ ಕೊಳವೆಯಿಂದ ತುಂಬಬೇಕು. ಹತ್ತು ವರ್ಷ ಏನೂ ಆಗಲಿಲ್ಲವೆಂಬ ಅನುಭವವು ಹನ್ನೊಂದನೆಯ ವರ್ಷಕ್ಕೆ ರಕ್ಷಣೆಯಾಗದು.

ಸಿಪಾಯಿಗೆ ಚಿತ್ರಕಥೆಯ ಪಾಠ

ಅಮೆರಿಕದ ಸೇನೆಯು ಲಾರಿಯ ಆರೈಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಹಂಚಿತು. ಕೈಪಿಡಿಗಳ ಸಂಖ್ಯೆಯ ಕೊನೆಯಲ್ಲಿ 10 ಎಂದಿದ್ದರೆ ಅದು ಚಾಲಕನಿಗೆ, 20 ಎಂದಿದ್ದರೆ ದಳದ ಮೆಕ್ಯಾನಿಕ್ಕಿಗೆ, 34 ಎಂದಿದ್ದರೆ ದೊಡ್ಡ ವರ್ಕ್‌ಶಾಪಿಗೆ. ಚಾಲಕನು ಹೊರಡುವ ಮುನ್ನ, ದಾರಿಯಲ್ಲಿ, ಮರಳಿದ ಮೇಲೆ, ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಏನೇನು ನೋಡಬೇಕೆಂಬುದನ್ನು ಪಟ್ಟಿ ಮಾಡಿ ಕೊಟ್ಟರು. ಎಣ್ಣೆಯ ಮಟ್ಟ, ರೇಡಿಯೇಟರಿನ ನೀರು, ಬೆಲ್ಟಿನ ಬಿಗಿ, ಟಯರಿನ ಗಾಳಿ, ನೆಲದ ಮೇಲೆ ಬಿದ್ದ ತೊಟ್ಟುಗಳು. ನಿಂತ ಲಾರಿಯ ಕೆಳಗಿನ ನೆಲವು ವೈದ್ಯನಿಗೆ ರೋಗಿಯ ನಾಲಿಗೆಯಿದ್ದಂತೆ. ಎಲ್ಲಿ ಯಾವ ಬಣ್ಣದ ತೊಟ್ಟು ಬಿದ್ದಿದೆಯೆಂಬುದರಿಂದಲೇ ಅರ್ಧ ರೋಗನಿದಾನವಾಗುತ್ತದೆ.

ಪಟ್ಟಿ ಸಿದ್ಧವಾಯಿತು. ಅದನ್ನು ಓದುವವರಾರು? ಹತ್ತೊಂಬತ್ತು, ಇಪ್ಪತ್ತು ವರ್ಷದ ತರುಣ ಸಿಪಾಯಿಗೆ ದಪ್ಪ ಕೈಪಿಡಿಯು ನಿದ್ರೆಯ ಔಷಧ. ಈ ಕಷ್ಟವನ್ನು ಅರಿತ ಸೇನೆಯು ವಿಲ್ ಐಸ್ನರ್ ಎಂಬ ಚಿತ್ರಕಲಾವಿದರ ನೆರವನ್ನು ಪಡೆಯಿತು. ‘ದಿ ಸ್ಪಿರಿಟ್’ ಎಂಬ ಚಿತ್ರಕಥೆಯಿಂದ ಪ್ರಸಿದ್ಧರಾಗಿದ್ದ ಇವರು ಮಹಾಯುದ್ಧದ ಕಾಲದಲ್ಲಿಯೇ ಸೇನೆಯ ಪತ್ರಿಕೆಗೆ ಚಿತ್ರ ಬರೆದಿದ್ದವರು. ಕೊರಿಯದ ಯುದ್ಧ ನಡೆಯುತ್ತಿದ್ದ 1951ರ ಜೂನ್ ತಿಂಗಳಲ್ಲಿ ‘ಪಿಎಸ್’ ಎಂಬ ಮಾಸಪತ್ರಿಕೆ ಆರಂಭವಾಯಿತು. ಪತ್ರದ ಕೊನೆಯಲ್ಲಿ ಬರೆಯುವ ‘ತಾ.ಕ.’ ಎಂಬುದೇ ಈ ಹೆಸರಿನ ಅರ್ಥ. ಕೈಪಿಡಿಗಳಿಗೆ ಇದು ತಾಜಾ ಕಲಂ. ಜೇಬಿನಲ್ಲಿ ಹಿಡಿಸುವ ಗಾತ್ರ, ಬಣ್ಣದ ಚಿತ್ರಗಳು, ಆಡುಮಾತಿನ ವಿವರಣೆ. ಎಲ್ಲವನ್ನೂ ಕೆಡಿಸುವ ಜೋ ಡೋಪ್ ಎಂಬ ಪೆದ್ದು ಸಿಪಾಯಿ. ಸರಿಯಾದುದನ್ನು ಹೇಳಿಕೊಡುವ ಕಾನಿ ರಾಡ್ ಎಂಬ ಚೆಲುವೆ. ಕಾನಿ ರಾಡ್ ಎಂಬ ಹೆಸರೇ ಇಂಜಿನ್ನಿನ ಕನೆಕ್ಟಿಂಗ್ ರಾಡಿನ ಮೇಲಿನ ಶ್ಲೇಷೆ! ಐಸ್ನರ್ ಅವರು 1971ರ ವರೆಗೆ ಈ ಪತ್ರಿಕೆಯ ಚಿತ್ರಗಳ ಹೊಣೆಯನ್ನು ಹೊತ್ತರು. ಆಜ್ಞೆಗೆ ಮಣಿಯದ ಮನಸ್ಸು ನಗೆಗೆ ಮಣಿಯಿತು. ಯಂತ್ರವನ್ನು ದುರಸ್ತು ಮಾಡುವುದಕ್ಕಿಂತ ಮನುಷ್ಯನ ಅಭ್ಯಾಸವನ್ನು ದುರಸ್ತು ಮಾಡುವುದು ಕಷ್ಟವೆಂಬುದನ್ನು ಒಂದು ಮಹಾಸೇನೆಯೇ ಒಪ್ಪಿಕೊಂಡಂತಾಯಿತು.

ಈ ಅಭ್ಯಾಸದ ಬೆಲೆ ವಿಯೆಟ್ನಾಮಿನಲ್ಲಿ ಗೊತ್ತಾಯಿತು. 1967ರ ಸೆಪ್ಟೆಂಬರ್ 2ರಂದು ಆನ್ ಖೇ ಎಂಬಲ್ಲಿ ಬೆಟ್ಟದ ದಾರಿಯಲ್ಲಿ ಸಾಗುತ್ತಿದ್ದ ಲಾರಿಗಳ ಸಾಲಿನ ಮೇಲೆ ಹೊಂಚು ದಾಳಿ ನಡೆಯಿತು. ನಿಂತ ಲಾರಿಯೇ ಶತ್ರುವಿಗೆ ಗುರಿ. ಅದರ ಹಿಂದೆ ಸಿಕ್ಕಿಬಿದ್ದವರೆಲ್ಲರೂ ಗುರಿಗಳೇ. ಆ ಬಳಿಕ ಸೈನಿಕರು ಲಾರಿಗಳಿಗೆ ಮೊದಲು ಮರಳಿನ ಚೀಲಗಳನ್ನು, ಆಮೇಲೆ ಉಕ್ಕಿನ ಹಲಗೆಗಳನ್ನು ಕಟ್ಟಿ, ಮೆಷಿನ್‌ಗನ್ನುಗಳನ್ನು ನಿಲ್ಲಿಸಿ, ಸಾಲಿಗೆ ಕಾವಲಿಟ್ಟರು. ಮಳೆಗೆ ನೆನೆದ ಮರಳಿನ ಚೀಲಗಳ ಭಾರಕ್ಕೆ ಎರಡೂವರೆಯ ಸರದಾರನು ಬಸವಳಿದನು. ಕಾವಲಿನ ಕೆಲಸವು ಕ್ರಮೇಣ ಐದು ಟನ್ನಿನ ದೊಡ್ಡ ಲಾರಿಗಳಿಗೆ ಹೋಯಿತು. ಎಷ್ಟು ಹೊರಬಲ್ಲದೆಂಬುದನ್ನು ಅರಿಯುವುದೂ ಆರೈಕೆಯ ಒಂದು ಭಾಗವೇ.

ನಿಂತರೆ ಕೇಡು

1990ರ ದಶಕದಿಂದ ಹೊಸ ಲಾರಿಗಳು ಬಂದು ಈ ಹಳೆಯ ಸಿಪಾಯಿಗೆ ನಿವೃತ್ತಿಯಾಯಿತು. ಅದೇ ದಶಕದಲ್ಲಿ ನಮ್ಮ ಶಕ್ತಿಮಾನ್ ಲಾರಿಯ ತಯಾರಿಕೆಯೂ ನಿಂತಿತು. ತಯಾರಿಕೆ ನಿಂತ ಯಂತ್ರದ ಪಾಡು ಮುದುಕರ ಪಾಡಿನಂತೆ. ಬಿಡಿಭಾಗಗಳು ವಿರಳವಾಗುತ್ತವೆ, ಅದರ ಸ್ವಭಾವವನ್ನು ಬಲ್ಲವರೂ ಒಬ್ಬೊಬ್ಬರಾಗಿ ಮರೆಯಾಗುತ್ತಾರೆ. ಒಂದು ಲಾರಿಯ ಭಾಗಗಳನ್ನು ಬಿಚ್ಚಿ ಇನ್ನೊಂದನ್ನು ಬದುಕಿಸುವ ಕಾಲ ಬರುತ್ತದೆ. ಅಂತಹ ಕಾಲದಲ್ಲಿ ಕೈಪಿಡಿಯ ಹಾಳೆಯೂ ಹಿರಿಯ ಮೆಕ್ಯಾನಿಕ್ಕಿನ ನೆನಪೂ ಬಿಡಿಭಾಗದಷ್ಟೇ ಬೆಲೆಬಾಳುತ್ತವೆ.

ಓಡಿದ ಲಾರಿಗಿಂತ ನಿಂತ ಲಾರಿಯೇ ಬೇಗ ಕೆಡುತ್ತದೆಂಬುದು ವಿಚಿತ್ರವಾದರೂ ನಿಜ. ನಿಂತಲ್ಲಿ ರಬ್ಬರು ಬಿರುಕು ಬಿಡುತ್ತದೆ, ಟ್ಯಾಂಕಿನ ಮೇಲ್ಭಾಗದ ಗಾಳಿಯಲ್ಲಿನ ತೇವ ನೀರಾಗಿ ಇಳಿಯುತ್ತದೆ, ಬ್ಯಾಟರಿ ಸಾಯುತ್ತದೆ, ಬ್ರೇಕು ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ವರ್ಷಗಟ್ಟಲೆ ನಿಂತ ಲಾರಿಯನ್ನು ಎಬ್ಬಿಸುವ ಕ್ರಮವೂ ರೋಗಿಯನ್ನು ಎಬ್ಬಿಸುವ ಕ್ರಮದಂತೆಯೇ ನಿಧಾನವಾದುದು. ಮೊದಲು ಹಳೆಯ ಇಂಧನವನ್ನು ಬಸಿದು ಟ್ಯಾಂಕನ್ನು ತೊಳೆಯಬೇಕು. ಎಣ್ಣೆಗಳನ್ನೂ ಫಿಲ್ಟರುಗಳನ್ನೂ ಬದಲಿಸಬೇಕು. ಇಂಧನವನ್ನು ತಡೆಹಿಡಿದು ಇಂಜಿನ್ನನ್ನು ಬರಿದೇ ತಿರುಗಿಸಿ, ಎಣ್ಣೆಯ ಒತ್ತಡದ ಮುಳ್ಳು ಮೇಲೇಳುವುದನ್ನು ಕಾಣಬೇಕು. ಈ ಲಾರಿಯಲ್ಲಿ ಎರಡು 12 ವೋಲ್ಟಿನ ಬ್ಯಾಟರಿಗಳನ್ನು ಸರಣಿಯಾಗಿ ಜೋಡಿಸಿ 24 ವೋಲ್ಟನ್ನು ಪಡೆಯುತ್ತಾರೆ. ಒಂದು ಹೊಸದು, ಒಂದು ಹಳೆಯದು ಹಾಕಿದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ. ಇಂಜಿನ್ನು ಹೊತ್ತಿಕೊಂಡ ಸಂತೋಷದಲ್ಲಿ ಬ್ರೇಕನ್ನು ಮರೆತು ಗೇರು ಹಾಕಿದವನ ಸಂತೋಷವು ಬಹಳ ಹೊತ್ತು ಉಳಿಯುವುದಿಲ್ಲ.

ಸೇನಾ ಲಾರಿಯನ್ನು ಹರಾಜಿನಲ್ಲಿ ಕೂಗುವ ಅವಕಾಶ ಈ ಪುಟದ ವಾಚಕರಲ್ಲಿ ಎಷ್ಟು ಮಂದಿಗೆ ಬಂದೀತು? ಆದರೆ ಪ್ರತಿ ಮನೆಯಲ್ಲಿಯೂ ಯಾವುದೋ ಒಂದು ಹಳೆಯ ಯಂತ್ರವಿದೆ. ಅಜ್ಜಿಯ ಹೊಲಿಗೆ ಯಂತ್ರ, ತಂದೆಯ ಸ್ಕೂಟರು, ಬಾವಿಯ ಪಂಪು. ಅವೆಲ್ಲವೂ ಕೇಳುವುದು ತೊಟ್ಟು ಎಣ್ಣೆಯನ್ನು, ಒಂದು ತಿರುವಿನ ಬಿಗಿಯನ್ನು, ಆಗಾಗ ಒಂದು ನೋಟವನ್ನು. ಸದ್ದು ಬದಲಾದರೆ ಕಿವಿಗೊಡುವವರು ಮನೆಯಲ್ಲಿ ಒಬ್ಬರಾದರೂ ಇರಬೇಕು. ಆರು ಟನ್ನಿನ ಲಾರಿಯು ಬೆಟ್ಟದಿಂದ ಕ್ಷೇಮವಾಗಿ ಇಳಿದುಬರುವುದು ಗೇಣುದ್ದದ ರಬ್ಬರಿನ ಕೊಳವೆಯ ಮೇಲೆ ನಿಂತಿದೆ. ಆ ಕೊಳವೆ ಬಿರುಕು ಬಿಟ್ಟುದು ಹೊರಡುವ ಮುನ್ನ ಕೆಳಗೆ ಬಗ್ಗಿದವನಿಗಷ್ಟೇ ಕಾಣುತ್ತದೆ.